ಮಹಾಮಾರಿಯ ಅನಂತರದ ಪ್ರತ್ಯಕ್ಷಪಾಠ: ವಿದ್ಯಾರ್ಥಿಗಳ ಅಧಿಕಾರವಿಚಾರ

ಒಂದು ಕರ್ಮದಲ್ಲಿ ತೊಡಗಲು ತಕ್ಕವನು ಯಾರು ಎಂಬ ಪ್ರಶ್ನೆಯನ್ನು ಮೀಮಾಂಸಕರು ಅಧಿಕಾರವಿಚಾರವೆಂದು ಕರೆದರು. ಅಧಿಕಾರವೆಂದರೆ ಆಳುವ ಬಲವೆಂದು ಈಗ ರೂಢಿಯಾಗಿದ್ದರೂ ಶಾಸ್ತ್ರದಲ್ಲಿ ಅದಕ್ಕೆ ಅರ್ಹತೆಯೆಂದೇ ಅರ್ಥ. ಅದರ ಅಂಗಗಳಲ್ಲಿ ಮೂರು ಮುಖ್ಯವಾದುವು: ಅರ್ಥಿತ್ವ, ಎಂದರೆ ಬಯಕೆ; ಸಾಮರ್ಥ್ಯ, ಎಂದರೆ ಶಕ್ತಿಯೂ ಸಾಧನವೂ; ಅಪರ್ಯುದಸ್ತತ್ವ, ಎಂದರೆ ನಿಷೇಧಕ್ಕೆ ಒಳಪಡದಿರುವುದು. ಕೋವಿಡ್ ಮಹಾಮಾರಿಯ ತರುವಾಯ ಕಾಲೇಜು ವಿದ್ಯಾರ್ಥಿಗಳು ತರಗತಿಗೆ ಮರಳಲು ಸಿದ್ಧರಾಗಿದ್ದರೇ ಎಂಬ ವಿಷಯವನ್ನು ಈ ವಿಭಾಗಕ್ರಮದಿಂದ ಪರಿಶೀಲಿಸುವುದು ಯುಕ್ತವಾಗಿದೆ.

ಕರ್ಣಾಟಕದಲ್ಲಿ 2020ನೆಯ ಮಾರ್ಚಿಯಲ್ಲಿ ಮುಚ್ಚಿದ ಪದವಿ ಕಾಲೇಜುಗಳು ಅದೇ ವರ್ಷ ನವೆಂಬರು 17ರಂದು ತೆರೆದಾಗ, ತರಗತಿಗೆ ಬರುವವರು ತಂದೆತಾಯಿಗಳ ಒಪ್ಪಿಗೆಯ ಪತ್ರವನ್ನೂ ಸೋಂಕಿಲ್ಲವೆಂಬ ಪರೀಕ್ಷೆಯ ವರದಿಯನ್ನೂ ತರಬೇಕೆಂದು ವಿಧಿಸಲಾಯಿತು. ಬಾರದವರಿಗೆ ಆನ್‌ಲೈನ್ ಪಾಠವಿದ್ದಿತು. ಎರಡನೆಯ ಅಲೆಯಲ್ಲಿ ಪುನಃ ಮುಚ್ಚಿ 2021ನೆಯ ಜುಲೈ 26ರಂದು ತೆರೆದಾಗ, ಲಸಿಕೆಯ ಒಂದು ಡೋಸನ್ನಾದರೂ ಪಡೆದಿರಬೇಕೆಂಬ ನಿಯಮವುಂಟಾಯಿತು. ಇವು ಕಾಲೋಚಿತವಾದ ನಿಯಮಗಳೇ. ಆದರೆ ಇವು ಪರೀಕ್ಷಿಸಿದುದು ಮುಖ್ಯವಾಗಿ ಮೂರನೆಯ ಅಂಗವನ್ನು. ಬರಬಹುದೇ ಎಂಬುದಕ್ಕೆ ಉತ್ತರ ದೊರೆಯಿತೇ ಹೊರತು ಬರಬಲ್ಲನೇ ಎಂಬುದಕ್ಕೆ ದೊರೆಯಲಿಲ್ಲ.

ಬಾರದವನು ಒಲ್ಲದವನೆಂದು ಭಾವಿಸುವುದು ಸುಲಭ. ಆದರೆ ಅದು ಅರ್ಥಿತ್ವವನ್ನೂ ಸಾಮರ್ಥ್ಯವನ್ನೂ ಒಂದಾಗಿಸುವ ದೋಷ. ವಿದ್ಯಾರ್ಥಿನಿಲಯ ತೆರೆಯದಿದ್ದರೆ, ಊರಿನ ಬಸ್ಸು ಹೊರಡದಿದ್ದರೆ, ಮನೆಯಲ್ಲಿ ರೋಗಪೀಡಿತರಾದ ವೃದ್ಧರಿದ್ದರೆ, ಸಂಪಾದನೆ ನಿಂತ ಸಂಸಾರಕ್ಕಾಗಿ ತಾನೇ ದುಡಿಯಬೇಕಾದರೆ, ಬಯಕೆಯುಳ್ಳವನೂ ಅಸಮರ್ಥನೇ ಸರಿ. ಸಾಮರ್ಥ್ಯದಲ್ಲಿ ಅಭ್ಯಾಸವೂ ಸೇರಿದೆ. ಒಂದು ತಾಸು ಒಂದೇ ಕಡೆ ಕುಳಿತು ಕೇಳುವುದು, ಕೈಯಿಂದ ಬರೆದುಕೊಳ್ಳುವುದು, ಹತ್ತು ಮಂದಿಯ ಎದುರಿನಲ್ಲಿ ಸಂದೇಹವನ್ನು ಕೇಳುವುದು, ಇವು ರೂಢಿಯಿಂದ ಬರತಕ್ಕವು. ರೂಢಿ ತಪ್ಪಿದರೆ ಕುಂದತಕ್ಕವು. 2020-21ನೆಯ ಸಾಲಿನಲ್ಲಿ ಪ್ರಥಮ ವರ್ಷಕ್ಕೆ ಸೇರಿದವರಲ್ಲಿ ಅನೇಕರು ಅಧ್ಯಾಪಕರನ್ನು ಮೊದಲು ಕಂಡುದೇ ಮೊಬೈಲಿನ ಪರದೆಯ ಮೇಲೆ. ಅವರ ಪಾಲಿಗೆ ತರಗತಿಗೆ ಬಂದುದು ಮರಳುವಿಕೆಯಲ್ಲ, ಪ್ರಥಮಪ್ರವೇಶ. ಎಂದೂ ಇಲ್ಲದ ಅಭ್ಯಾಸವನ್ನು ಮರೆತರೆಂದು ಅವರನ್ನು ಆಕ್ಷೇಪಿಸುವುದು ನ್ಯಾಯವಲ್ಲ.

ಇಂಥ ವಿಪತ್ತು ಮತ್ತೊಮ್ಮೆ ಒದಗಿದರೆ ಈ ವಿವೇಕವು ಉಪಯೋಗಕ್ಕೆ ಬರಬೇಕು. ಬಯಕೆಯ ಕೊರತೆಯನ್ನು ಬೋಧನೆಯಿಂದ ತುಂಬಬಹುದು. ಸಾಮರ್ಥ್ಯದ ಕೊರತೆಗೆ ಸಹಾಯವೇ ಬೇಕು. ಹಾಜರಿಯ ಪುಸ್ತಕದಲ್ಲಿ ಎರಡಕ್ಕೂ ಒಂದೇ ಗುರುತು ಬೀಳುವುದರಿಂದ, ಏಕೆ ಬರಲಿಲ್ಲವೆಂದು ಗದರಿಸುವುದಕ್ಕಿಂತ ಮುಂಚೆ ಬರಲು ಏನು ಸಾಲದಾಯಿತೆಂದು ವಿಚಾರಿಸುವುದೇ ಅಧ್ಯಾಪಕರಾದವರ ಪ್ರಥಮ ಕರ್ತವ್ಯವು.