ನಿನ್ನೆಯ ಕಡುಬು ಇಂದೇಕೆ ಗಟ್ಟಿ?

ಗಣೇಶನ ಹಬ್ಬದ ದಿನ ಬಾಯಲ್ಲಿಟ್ಟರೆ ಕರಗುವ ಕಾಯಿ ಕಡುಬು ಮರುದಿನಕ್ಕೆ ಬಿರುಸಾಗಿ ಬಿರಿದಿರುತ್ತದೆ. ಒಣಗಿಹೋಯಿತು ಅನ್ನುತ್ತೇವೆ. ಆದರೆ ಬಿಗಿಯಾದ ಡಬ್ಬಿಯಲ್ಲಿ, ಒಂದು ಹನಿ ನೀರೂ ಆರದಂತೆ ಇಟ್ಟರೂ ಅದು ಗಟ್ಟಿಯಾಗುತ್ತದೆ. ಕಾರಣ ಅಕ್ಕಿಯ ಪಿಷ್ಟದಲ್ಲಿದೆ.

ಮೈಸೂರು ಕಡೆಯ ಹದಿನಾರು ಗ್ರಾಮ, ನಂಜನಗೂಡು, ನರಸೀಪುರ ಎಲ್ಲ ಕಪಿಲಾ ನದಿಯ ನೀರು ಕಂಡ ಭತ್ತದ ಸೀಮೆ. ಇಲ್ಲಿಯ ಹೆಂಗಸರಿಗೆ ಅಕ್ಕಿಹಿಟ್ಟಿನ ಸ್ವಭಾವ ಕೈಯಲ್ಲೇ ಗೊತ್ತು. ಗೋಧಿಗಿರುವ ಗ್ಲುಟೆನ್ ಅಕ್ಕಿಗಿಲ್ಲ. ತಣ್ಣೀರಿನಲ್ಲಿ ಕಲಸಿದ ಹಿಟ್ಟು ಮಡಿಚುವಾಗಲೇ ಸೀಳುತ್ತದೆ. ಅದಕ್ಕೇ ಕುದಿಯುವ ನೀರಿಗೆ ಹಿಟ್ಟು ಸುರಿದು ಉಕ್ಕರಿಸುವುದು. ಸುಮಾರು 70 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ, ಗ್ಲುಟೆನ್ ಮಾಡಬೇಕಾದ ಅಂಟಿನ ಕೆಲಸವನ್ನು ತಾವೇ ಮಾಡುತ್ತವೆ. ಹೂರಣ ಮೊದಲೇ ಬೆಂದಿರುವುದರಿಂದ ಹಬೆಯಲ್ಲಿ ಬೇಯಬೇಕಾದದ್ದು ತೆಳು ಕಣಕ ಮಾತ್ರ. ಒಂದು ಗ್ರಾಂ ಹಬೆ ನೀರಾಗುವಾಗ ಸುಮಾರು 540 ಕ್ಯಾಲೊರಿ ಶಾಖ ಬಿಟ್ಟುಕೊಡುತ್ತದೆ. ಹತ್ತು ಹನ್ನೆರಡು ನಿಮಿಷ ಧಾರಾಳವಾಯಿತು.

ಆರಿದ ಮೇಲೆ ಕಥೆ ತಿರುಗುತ್ತದೆ. ನೀರಿನಲ್ಲಿ ಚದುರಿದ್ದ ಪಿಷ್ಟದ ಎಳೆಗಳು ಮತ್ತೆ ಒಂದಕ್ಕೊಂದು ಒತ್ತಿ ಸಾಲುಗಟ್ಟುತ್ತವೆ. ಈ ಎಳೆಗಳಲ್ಲಿ ಎರಡು ಬಗೆ: ಮೊದಲು ಸಾಲುಗಟ್ಟುವುದು ಅಮೈಲೋಸ್, ನಿಧಾನವಾಗಿ ಅಮೈಲೋಪೆಕ್ಟಿನ್. ಈ ಸಾಲುಗಟ್ಟುವಿಕೆ ಅತಿ ಚುರುಕಾಗಿರುವುದು 4 ಡಿಗ್ರಿ ಆಸುಪಾಸಿನಲ್ಲಿ, ಅಂದರೆ ನಮ್ಮ ಫ್ರಿಜ್ಜಿನೊಳಗೇ! ಸಮಾಧಾನವೆಂದರೆ, ಮತ್ತೆ ಹಬೆಗಿಟ್ಟರೆ ಸಾಲುಗಳು ಬಹುಮಟ್ಟಿಗೆ ಸಡಿಲಗೊಂಡು ಕಡುಬು ಮೆತ್ತಗಾಗುತ್ತದೆ.

ಫ್ರಿಜ್ಜಿನಲ್ಲಿ ಬೇಗ ಗಟ್ಟಿಯಾಗುತ್ತದೆಂದು ಕಡುಬನ್ನು ಹೊರಗೇ ಇಡಬಾರದು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅಕ್ಕಿಯಲ್ಲಿ ಸಾಮಾನ್ಯ. ಕುದಿಸಿದರೂ ಸಾಯುವುದಿಲ್ಲ. ಬೆಂದ ಹಿಟ್ಟು ಬೆಚ್ಚಗೆ ಕೂತಿದ್ದರೆ ಮೊಳೆತು ವಿಷ ಉಗುಳುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಬೆಲ್ಲ ಹೂರಣದ ನೀರನ್ನು ಹಿಡಿದಿಟ್ಟು ಕೊಂಚ ಕಾಪಾಡೀತು, ಕಣಕಕ್ಕೆ ಆ ರಕ್ಷಣೆಯೂ ಇಲ್ಲ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ ಎಂದು ಒತ್ತಿ ಹೇಳುವುದು ಅದಕ್ಕೇ, ಮನೆಯಲ್ಲಿ ಮಕ್ಕಳಿದ್ದರಂತೂ ಖಂಡಿತ.

ಹೆಚ್ಚು ದಿನ ಉಳಿಯಬೇಕೆಂದರೆ ಫ್ರೀಜರ್ ಮೇಲು. ಮೈನಸ್ 18 ಡಿಗ್ರಿಯಲ್ಲಿ ಪಿಷ್ಟದ ಎಳೆಗಳು ಅಲುಗಾಡಲಾರವು. ಬೇಯಿಸಿ ಆರಿಸಿದ ಕಡುಬುಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಗಟ್ಟಿಗೊಳಿಸಿ, ಆಮೇಲೆ ಡಬ್ಬಿಗೆ ತುಂಬಬೇಕು. ಬೇಕೆಂದಾಗ ಕರಗಲು ಬಿಡದೆ ನೇರವಾಗಿ ಇಡ್ಲಿ ಪಾತ್ರೆಗೆ. ಫ್ರಿಜ್ಜೇ ಇಲ್ಲದ ಕಾಲದಲ್ಲಿ ಹೆಚ್ಚು ದಿನ ಉಳಿಯುವ ಕೆಲಸ ಕರ್ಜಿಕಾಯಿಯದಾಗಿತ್ತು: ಒಣಕೊಬ್ಬರಿ, ಸಕ್ಕರೆ, ಹುರಿಗಡಲೆಯ ಒಣ ಹೂರಣ, ಕಾದ ಎಣ್ಣೆಯಲ್ಲಿ ನೀರಿನಂಶ ಹಾರಿಹೋದ ಗರಿಗರಿ ಹೊದಿಕೆ.