ಅಪ್ಪನ ಪ್ರಾಸ್ಟೇಟ್ ಆಪರೇಷನ್: ಯಾರಿಗೆ ಯಾವುದು?

'ಲೇಸರ್ ಮಾಡಿಸಿದ್ರೆ ಒಳ್ಳೇದಲ್ವಾ?' ಮಾತ್ರೆ ಕೆಲಸ ಮಾಡದೆ, ಮೂತ್ರ ಕಟ್ಟಿಕೊಂಡು ಅಪ್ಪನಿಗೆ ಕ್ಯಾಥೆಟರ್ ಹಾಕಿಸಿದ ಮೇಲೆ ಮನೆಯಲ್ಲಿ ಎಲ್ಲರೂ ಕೇಳಿದ್ದು ಇದೊಂದೇ. ಆದರೆ ಹೊಸದೆಲ್ಲ ಎಲ್ಲರಿಗೂ ಹೊಂದಲ್ಲ. ಮೊದಲು ನೋಡಬೇಕಾದ್ದು ಗ್ರಂಥಿಯ ಗಾತ್ರ. ಯೌವನದಲ್ಲಿ ಸುಮಾರು 20 ಗ್ರಾಂ ಇರುವ ಪ್ರಾಸ್ಟೇಟ್, ವಯಸ್ಸಾದಂತೆ ಕೆಲವರಲ್ಲಿ 100 ಗ್ರಾಂ ದಾಟುತ್ತದೆ.

ಟಿಯುಆರ್‌ಪಿ: ಮೂತ್ರನಾಳದ ಮೂಲಕ ಉಪಕರಣ ತೂರಿಸಿ, ಅಡ್ಡ ಬೆಳೆದ ಭಾಗವನ್ನು ವಿದ್ಯುತ್ ತಂತಿಯಿಂದ ಚೂರು ಚೂರಾಗಿ ಕತ್ತರಿಸಿ ತೆಗೆಯುತ್ತಾರೆ. ಹೊಟ್ಟೆ ಮೇಲೆ ಗಾಯವಿಲ್ಲ. ದಶಕಗಳಿಂದ ನಡೆದುಬಂದ ವಿಧಾನ. ಸಾಮಾನ್ಯವಾಗಿ 30ರಿಂದ 80 ಗ್ರಾಂ ಗಾತ್ರಕ್ಕೆ ಸರಿ.

ಹೋಲೆಪ್: ಕಿತ್ತಳೆ ಸಿಪ್ಪೆಯಿಂದ ತೊಳೆ ಬಿಡಿಸಿದ ಹಾಗೆ, ಒಳಗೆ ಬೆಳೆದದ್ದನ್ನು ಹೋಲ್ಮಿಯಂ ಲೇಸರ್‌ನಿಂದ ಬಿಡಿಸಿ, ಪುಡಿಮಾಡಿ ಹೊರತೆಗೆಯುತ್ತಾರೆ. ತುಂಬ ದೊಡ್ಡ ಗ್ರಂಥಿಗೂ ಆಗುತ್ತದೆ. ರಕ್ತಸ್ರಾವ ಕಡಿಮೆ, ಕ್ಯಾಥೆಟರ್ ಬೇಗ ತೆಗೆಯುತ್ತಾರೆ, ಮತ್ತೆ ಆಪರೇಷನ್ ಬೇಕಾಗೋದು ಅಪರೂಪ. ಆದರೆ ಪಳಗಿದ ಕೈ ಬೇಕು. ಶುರುವಿನ ಕೆಲವು ವಾರ ಮೂತ್ರ ಸೋರಬಹುದು.

ಯೂರೋಲಿಫ್ಟ್, ರೆಝೂಮ್: ಮೊದಲನೆಯದರಲ್ಲಿ ಪುಟ್ಟ ಇಂಪ್ಲಾಂಟ್‌ಗಳು ಗ್ರಂಥಿಯನ್ನು ಪಕ್ಕಕ್ಕೆ ಎಳೆದು ಹಿಡಿಯುತ್ತವೆ, ಎರಡನೆಯದರಲ್ಲಿ ಬಿಸಿ ಹಬೆ ಬಿಟ್ಟು ಕುಗ್ಗಿಸುತ್ತಾರೆ. ಬೇಗ ಮುಗಿಯುತ್ತದೆ. ಆದರೆ ತುಂಬ ದೊಡ್ಡ ಗ್ರಂಥಿಗಲ್ಲ. ಹರಿವು ಟಿಯುಆರ್‌ಪಿಯಷ್ಟು ಸುಧಾರಿಸಲ್ಲ. ಮುಂದೆ ಮತ್ತೆ ಚಿಕಿತ್ಸೆ ಬೇಕಾಗುವ ಸಾಧ್ಯತೆ ಹೆಚ್ಚು.

ಇನ್ನೊಂದು ವಿಷಯವನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲ್ಲ. ಟಿಯುಆರ್‌ಪಿ, ಹೋಲೆಪ್ ಆದ ಹೆಚ್ಚಿನವರಲ್ಲಿ ವೀರ್ಯ ಹೊರಗೆ ಬಾರದೆ ಮೂತ್ರಕೋಶಕ್ಕೆ ಹೋಗುತ್ತದೆ. ಅದರಿಂದ ಆರೋಗ್ಯಕ್ಕೆ ತೊಂದರೆಯಿಲ್ಲ, ನಿಮಿರುವಿಕೆ ಬಹುತೇಕರಿಗೆ ಮೊದಲಿನಂತೇ ಇರುತ್ತದೆ. ಯೂರೋಲಿಫ್ಟ್, ರೆಝೂಮ್‌ನಲ್ಲಿ ಈ ಬದಲಾವಣೆ ಕಡಿಮೆ. 68ರ ಅಪ್ಪನ ಮುಂದೆ ಮಗ ಇದನ್ನು ಎತ್ತೋದು ಹೇಗೆ? 'ಡಾಕ್ಟ್ರೇ, ನೀವೇ ಮಾತಾಡಿ' ಅಂತ ಹೇಳಿ ನಾನು ಹೊರಗೆ ಕೂತೆ. ಹತ್ತು ನಿಮಿಷ ಬಿಟ್ಟು ಕರೆದರು. ಗ್ರಂಥಿ 95 ಗ್ರಾಂ, ಜೊತೆಗೆ ಹೃದಯಕ್ಕೆ ರಕ್ತ ತೆಳುವಾಗಿಸುವ ಮಾತ್ರೆ ಬೇರೆ. 'ಎಲ್ಲಾ ಬಿಡಿಸಿ ಹೇಳಿದ್ರು ಕಣೋ. ಹೋಲೆಪ್ಪೇ ಇರಲಿ' ಅಂದರು ಅಪ್ಪ. ತೀರ್ಮಾನ ಅವರದ್ದೇ ಆಯ್ತು.

ನಿಮ್ಮನೆಯಲ್ಲೂ ಈ ಮಾತು ನಡೀತಿದ್ರೆ, ಪ್ಯಾಕೇಜ್ ರೇಟಿಗಿಂತ ಮೊದಲು ಇಷ್ಟು ಕೇಳಿ:

• ಗ್ರಂಥಿ ಎಷ್ಟು ದೊಡ್ಡದಿದೆ?
• ಈ ಆಪರೇಷನ್ ನೀವು ಎಷ್ಟು ಜನಕ್ಕೆ ಮಾಡಿದ್ದೀರಿ?
• ಕ್ಯಾಥೆಟರ್ ಎಷ್ಟು ದಿನ?
• ಮುಂದೆ ಮತ್ತೆ ಮಾಡಿಸಬೇಕಾಗಬಹುದಾ?
• ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಬೇಕಾ? (ನೀವಾಗೇ ನಿಲ್ಲಿಸಬೇಡಿ.)

ಆಮೇಲೆ, ಅಪ್ಪ ಡಾಕ್ಟರ ಜೊತೆ ಒಬ್ಬರೇ ಮಾತಾಡೋಕೆ ಹತ್ತು ನಿಮಿಷ ಬಿಡಿ.