ಊರಿನ ಗಾಡಿ, ಆಸ್ಪತ್ರೆಯ ದಾರಿ

ಬೆಳೆಗೆ ರೋಗ ಬಂದರೆ ಔಷಧಿಯನ್ನು ಹೊಲಕ್ಕೆ ತರಬಹುದು. ಮನುಷ್ಯನಿಗೆ ಬಂದರೆ ಮನುಷ್ಯನನ್ನೇ ಔಷಧಿ ಇರುವಲ್ಲಿಗೆ ಒಯ್ಯಬೇಕು. ನಮ್ಮಂಥ ಬೆದ್ದಲು ಸೀಮೆಯಲ್ಲಿ ಈ ಒಯ್ಯುವ ಕೆಲಸವೇ ದೊಡ್ಡದು. ನಮ್ಮದು ಚಿತ್ರದುರ್ಗ ಜಿಲ್ಲೆಯ ಶೇಂಗಾ ಬೆಳೆಯುವ ಒಂದು ಹಳ್ಳಿ. ಪ್ರಾಥಮಿಕ ಆರೋಗ್ಯ ಕೇಂದ್ರ 9 ಕಿ.ಮೀ., ತಾಲ್ಲೂಕು ಆಸ್ಪತ್ರೆ 28 ಕಿ.ಮೀ., ಜಿಲ್ಲಾಸ್ಪತ್ರೆಗೆ ಇನ್ನೂ ಅಷ್ಟೇ ದೂರ. ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಮಧ್ಯೆ ಏನಾದರೂ ಆದರೆ ಊರಲ್ಲಿರೋ ಗಾಡಿಯೇ ಗತಿ. ಆ ಗಾಡಿಗಳನ್ನೂ ಆಸ್ಪತ್ರೆಯವರನ್ನೂ ಜೋಡಿಸಿಕೊಂಡು ನಾವು ಒಂದು ಕ್ರಮ ಮಾಡಿಕೊಂಡಿದ್ದೇವೆ. ಬೇರೆ ಊರಿನವರಿಗೂ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ.

ತಡ ಆಗೋದು ಎಲ್ಲಿ?

ಆರೋಗ್ಯ ಇಲಾಖೆಯವರು ತಡವನ್ನು ಮೂರು ಭಾಗ ಮಾಡಿ ಹೇಳುತ್ತಾರೆ. ಹೋಗಬೇಕೋ ಬೇಡವೋ ಅಂತ ಮನೆಯಲ್ಲಿ ತೀರ್ಮಾನ ಮಾಡುವುದರಲ್ಲಿ ಆಗುವ ತಡ ಒಂದು. ಗಾಡಿ ಸಿಕ್ಕಿ ದಾರಿ ಸಾಗುವುದರಲ್ಲಿ ಆಗುವ ತಡ ಎರಡನೆಯದು. ಆಸ್ಪತ್ರೆ ಮುಟ್ಟಿದ ಮೇಲೆ ಚಿಕಿತ್ಸೆ ಶುರುವಾಗುವುದರಲ್ಲಿ ಆಗುವ ತಡ ಮೂರನೆಯದು. ಎರಡನೆಯದು ಪೂರ್ತಿ ಊರಿನವರ ಕೈಯಲ್ಲಿದೆ. ಅಷ್ಟೇ ಅಲ್ಲ, ಗಾಡಿ ಬಾಗಿಲಿಗೆ ಬಂದು ನಿಂತರೆ "ಬೆಳಗಾಗಲಿ, ನೋಡೋಣ" ಅನ್ನುವವರೂ ಹೊರಡುತ್ತಾರೆ. ಮೊದಲೇ ಫೋನ್ ಮಾಡಿ ಹೋದರೆ ಆಸ್ಪತ್ರೆಯವರೂ ತಯಾರಿರುತ್ತಾರೆ. ಹಾಗಾಗಿ ಗಾಡಿಯ ವ್ಯವಸ್ಥೆ ಸರಿಯಾದರೆ ಮೂರೂ ತಡ ಕಡಿಮೆಯಾಗುತ್ತವೆ.

108 ಇದೆಯಲ್ಲ, ಇದು ಯಾಕೆ?

ಕರ್ನಾಟಕದಲ್ಲಿ 108 ಆಂಬುಲೆನ್ಸ್ ಶುರುವಾದದ್ದು 2008ರ ನವೆಂಬರ್ 1ರಂದು. ಅದರಿಂದ ಬದುಕಿದವರು ನಮ್ಮೂರಲ್ಲೂ ಇದ್ದಾರೆ. ಅದನ್ನು ಬಿಟ್ಟು ಬೇರೆ ಮಾಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಗಾಡಿ ಇನ್ನೊಂದು ಊರಿಗೆ ಹೋಗಿದ್ದರೆ ನಮಗೆ ಬರೋದು ತಡ. ಮಳೆಗಾಲದಲ್ಲಿ ಎರೆ ಹೊಲದ ದಾರಿಗೆ ಅದು ಇಳಿಯಲಾರದು.

ಅದಕ್ಕೆ ನಾವು ಮಾಡೋದು ಇಷ್ಟು. ಮೊದಲು 108ಕ್ಕೆ ಫೋನ್. ಊರು, ಹೋಬಳಿ, ಹತ್ತಿರದ ಗುರುತು, ರೋಗಿಯ ವಯಸ್ಸು, ಏನಾಗಿದೆ, ಇಷ್ಟು ಹೇಳಬೇಕು. ಗಾಡಿ ಎಲ್ಲಿದೆ ಅಂತ ಕೇಳಬೇಕು. ದೂರ ಇದ್ದರೆ ಕಾಯುತ್ತಾ ಕೂರಬಾರದು. ಆಂಬುಲೆನ್ಸಿನವರ ಜೊತೆಯೇ ಮಾತಾಡಿ ನಡುವೆ ಒಂದು ಜಾಗ ಗೊತ್ತು ಮಾಡಿ, ಊರಿನ ಗಾಡಿಯಲ್ಲಿ ರೋಗಿಯನ್ನು ಅಲ್ಲಿಗೆ ಒಯ್ಯಬೇಕು. ನಮಗೆ ಡಾಂಬರು ರಸ್ತೆ ಕೂಡುವ ಗೇಟು ಆ ಜಾಗ. ಆ ಕಡೆಯಿಂದ ಅವರು, ಈ ಕಡೆಯಿಂದ ನಾವು ಹೊರಟರೆ ಕಾಯುವ ಹೊತ್ತು ಎಷ್ಟೋ ಉಳಿಯುತ್ತದೆ. ಆಂಬುಲೆನ್ಸಿನಲ್ಲಿ ಆಮ್ಲಜನಕ ಇರುತ್ತೆ, ತರಬೇತಿ ಆದವರಿರುತ್ತಾರೆ. ನಮ್ಮ ಗಾಡಿಯಲ್ಲಿ ಅದಿಲ್ಲ ಅನ್ನೋದು ನೆನಪಿರಲಿ.

ಪಟ್ಟಿ ಮಾಡುವ ಕ್ರಮ

ಊರಲ್ಲಿ ಎಷ್ಟು ಗಾಡಿ ಇವೆ ಅನ್ನೋದಕ್ಕಿಂತ ರಾತ್ರಿ ಎಷ್ಟು ಇರುತ್ತವೆ ಅನ್ನೋದು ಮುಖ್ಯ. ನಮ್ಮಲ್ಲಿ ಹಗಲು ಗಾಡಿಗಳೆಲ್ಲ ಮಾರ್ಕೆಟ್ಟಿಗೆ ಹೋಗಿರುತ್ತವೆ. ಆದ್ದರಿಂದ ಹಗಲಿನ ಪಟ್ಟಿ ಬೇರೆ, ರಾತ್ರಿಯದು ಬೇರೆ. ಓಡಿಸುವವರ ಹೆಸರು ಎರಡೆರಡು ಇರಬೇಕು. ಗಾಡಿ ಮನೆಮುಂದೆ ಇದ್ದು ಓಡಿಸುವವನು ಮದುವೆಗೆ ಹೋಗಿದ್ದರೆ ಏನು ಪ್ರಯೋಜನ?

ಪಟ್ಟಿಯನ್ನು ಹಾಲಿನ ಡೇರಿ, ಅಂಗನವಾಡಿ, ನ್ಯಾಯಬೆಲೆ ಅಂಗಡಿ ಈ ಮೂರು ಕಡೆ ಅಂಟಿಸಿದ್ದೇವೆ. ಒಂದು ಪ್ರತಿ ಆಶಾ ಕಾರ್ಯಕರ್ತೆಯ ಹತ್ತಿರ, ಇನ್ನೊಂದು ಆರೋಗ್ಯ ಕೇಂದ್ರದಲ್ಲಿ. ಪ್ರತಿ ಅಮಾವಾಸ್ಯೆಗೆ ಒಂದು ಸಲ ನಂಬರುಗಳಿಗೆಲ್ಲ ಫೋನ್ ಹಚ್ಚಿ ನೋಡುತ್ತೇವೆ. ಬದಲಾದ ನಂಬರು ಆವತ್ತೇ ತಿದ್ದಬೇಕು.

ಬಸುರಿಯರಿಗೆ ದಿನ ತುಂಬುವ ತಾರೀಕು ತಾಯಿ ಕಾರ್ಡಿನಲ್ಲಿ ಇರುತ್ತದೆ. ಮನೆಯವರು ಒಪ್ಪಿದರೆ ಆಶಾ ಅಕ್ಕ ಆ ತಿಂಗಳ ತಾರೀಕುಗಳನ್ನು ಗಾಡಿಯವರಿಗೆ ತಿಳಿಸುತ್ತಾರೆ. ಆ ವಾರ ಗಾಡಿಗೆ ಡೀಸೆಲ್ ಇರುವಂತೆ ಅವರು ನೋಡಿಕೊಳ್ಳುತ್ತಾರೆ. ಇದು ಬಿಟ್ಟು ಯಾರಿಗೆ ಯಾವ ಕಾಯಿಲೆ ಅಂತ ಪಟ್ಟಿಯಲ್ಲಿ ಬರೆಯಬಾರದು. ಕ್ಷಯದವರು ಇರ್ತಾರೆ, ಬೇರೆ ಕಾಯಿಲೆಯವರು ಇರ್ತಾರೆ. ಗಾಡಿಯವರ ಹೆಸರು ಗೋಡೆ ಮೇಲೆ ಇರಲಿ, ರೋಗಿಯ ಹೆಸರು ಬೇಡ.

ಹೆರಿಗೆಗೆ ಸರ್ಕಾರದ್ದೇ ಸವಲತ್ತು ಇದೆ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಗೆ ಹೋಗೋದು, ಅಲ್ಲಿಂದ ದೊಡ್ಡಾಸ್ಪತ್ರೆಗೆ ಕಳಿಸೋದು, ಹೆರಿಗೆಯಾದ ಮೇಲೆ ಮನೆಗೆ ಬಿಡೋದು ಎಲ್ಲಾ ಉಚಿತ. ಮನೆಗೆ ಬಿಡಲು 'ನಗು-ಮಗು' ಗಾಡಿ ಇದೆ. ಬಾಣಂತಿಯನ್ನು ಬಾಡಿಗೆ ಗಾಡಿಯಲ್ಲಿ ಕರೆತರುವ ಮೊದಲು ಅದನ್ನು ಕೇಳಿ.

ಹಾವು ಕಚ್ಚಿದಾಗ

ಶೇಂಗಾ ಕಿತ್ತು ಬಣವೆ ಒಟ್ಟಿದ ಕಾಲದಲ್ಲಿ ನಮಗೆ ಹೆಚ್ಚು ಭಯ ಇದರದ್ದೇ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಕೆಲಸ ಮಾಡುವ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುತ್ತಾರೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಎಷ್ಟೋ ಸಲ ನೋವೇ ತಿಳಿಯದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಾಗದು, ಮಾತು ತೊದಲು. ಇಷ್ಟು ಕಂಡರೆ ಗಾಯ ಹುಡುಕುತ್ತಾ ಕೂರಬೇಡಿ, ಹೊರಡಿ.

ಬಿಗಿಯಾಗಿ ಕಟ್ಟು ಹಾಕಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಉಂಗುರ, ಬಳೆ, ಕಾಲ್ಗಡಗ ತೆಗೆಯಿರಿ. ಮೂಳೆ ಮುರಿದಾಗ ಕಟ್ಟುವ ಹಾಗೆ ದಬ್ಬೆ ಇಟ್ಟು ಕಚ್ಚಿದ ಭಾಗ ಅಲ್ಲಾಡದಂತೆ ಮಾಡಿ. ರೋಗಿಯನ್ನು ನಡೆಸಬೇಡಿ. ಹಾವು ಹಿಡಿಯೋಕೆ ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳಬೇಡಿ.

ಗಾಡಿ ಇಲ್ಲದಿದ್ದರೆ ಬೈಕೇ ಆದೀತು. ಓಡಿಸುವವನು ಮುಂದೆ, ರೋಗಿ ನಡುವೆ, ಹಿಡಿದುಕೊಳ್ಳುವವನು ಹಿಂದೆ. ನೇಪಾಳದ ತರಾಯಿ ಸೀಮೆಯಲ್ಲಿ ದಮಕ್ ಎಂಬ ಊರಿನ ಸುತ್ತ ಇದನ್ನೇ ಮಾಡಿದರು. ಹಳ್ಳಿಯ ಬೈಕಿನವರನ್ನು ಸ್ವಯಂಸೇವಕರಾಗಿ ಗೊತ್ತು ಮಾಡಿದರು. ಹಾವು ಕಚ್ಚಿದರೆ ಏನು ಮಾಡಬೇಕು ಅಂತ ಜನಕ್ಕೂ ಹೇಳಿಕೊಟ್ಟರು. 2013ರಲ್ಲಿ ಅದರ ಲೆಕ್ಕ ಪ್ರಕಟವಾಯಿತು. ಮೊದಲು ಕಚ್ಚಿಸಿಕೊಂಡವರಲ್ಲಿ ಸಾಯುವವರು ಶೇಕಡಾ 10.5 ಇದ್ದದ್ದು ಆಮೇಲೆ 0.5ಕ್ಕೆ ಇಳಿಯಿತು. ಹೊಸ ಔಷಧಿ ಏನೂ ಬರಲಿಲ್ಲ. ಇದ್ದ ಔಷಧಿಯ ಹತ್ತಿರಕ್ಕೆ ಜನ ಬೇಗ ಮುಟ್ಟಿದರು, ಅಷ್ಟೆ.

ಹೊರಡುವಾಗಲೇ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಔಷಧಿ, ಡಾಕ್ಟರು ಇದ್ದಾರಾ ಕೇಳಬೇಕು. ಇದ್ದರೆ ಅಲ್ಲೇ ಮೊದಲ ಚಿಕಿತ್ಸೆ. ಉಸಿರು ಕಟ್ಟುವ ಹಾಗಿದ್ದರೆ ಉಸಿರಾಟದ ಯಂತ್ರ ಇರುವ ದೊಡ್ಡಾಸ್ಪತ್ರೆಗೆ ಅಲ್ಲಿಂದ ಆಂಬುಲೆನ್ಸ್. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು.

ಡಯಾಲಿಸಿಸ್‌ನವರ ಓಡಾಟ

ತುರ್ತು ಒಂದು ದಿನದ ಕಷ್ಟ. ಕಿಡ್ನಿ ಹೋದವರದ್ದು ವಾರವಾರದ ಕಷ್ಟ. ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ಸುಮಾರು 4 ಗಂಟೆ. ಡಯಾಲಿಸಿಸ್ ಉಚಿತ ಆದರೂ ದಾರಿ ಖರ್ಚು ಉಚಿತ ಅಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿ. ಗಂಡಸರು ಕೂಲಿಯನ್ನೂ ಕಳೆದುಕೊಂಡು ಚಾರ್ಜೂ ಕೊಡಬೇಕು. ಮುಗಿದ ಮೇಲೆ ತಲೆ ಸುತ್ತು, ಸುಸ್ತು. ಆ ಸ್ಥಿತಿಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಎರಡು ಗಂಟೆ ಕೂರೋದು ಸುಲಭವಲ್ಲ. ಖರ್ಚು ತಾಳಲಾರದೆ ಒಂದು ವಾರ ತಪ್ಪಿಸುತ್ತಾರೆ, ಮೈಯಲ್ಲಿ ನೀರು ತುಂಬಿಕೊಂಡು ಉಸಿರಿಗೆ ಬರುತ್ತದೆ. ನಮ್ಮ ಪಕ್ಕದ ಊರಿನ ಒಬ್ಬ ಹುಡುಗ, ಇಬ್ಬರು ಮಕ್ಕಳ ತಂದೆ, ಹೀಗೆ ತಪ್ಪಿಸಿ ತಪ್ಪಿಸಿ ತೀರಿಕೊಂಡ.

ಆಮೇಲೆ ಆ ದಿಕ್ಕಿನ ನಾಲ್ಕು ಊರಿನವರು ಸೇರಿ ಡಯಾಲಿಸಿಸ್ ಕೇಂದ್ರದವರನ್ನು ಕೇಳಿದೆವು: "ಸಾರ್, ನಮ್ಮ ಕಡೆಯವರು ಐದು ಜನ ಇದ್ದಾರೆ. ಒಂದೇ ದಿನ, ಒಂದೇ ಪಾಳಿ ಕೊಡಿ." ಯಂತ್ರ ಖಾಲಿ ಇದ್ದದ್ದು ನೋಡಿ ಎರಡು ತಿಂಗಳಲ್ಲಿ ಹೊಂದಿಸಿ ಕೊಟ್ಟರು. ಈಗ ಐವರಿಗೂ ಒಂದೇ ಗಾಡಿ. ಬಾಡಿಗೆ ಐದು ಪಾಲು. ಗಾಡಿಯವರು ಅಲ್ಲೇ ಕಾದು, ರೋಗಿ ಕೂತು ಸುಧಾರಿಸಿಕೊಂಡ ಮೇಲೆ ಹೊರಡುತ್ತಾರೆ. ಆಸ್ಪತ್ರೆಗೆ ಇದರಿಂದ ಒಂದು ಪೈಸೆ ಖರ್ಚಿಲ್ಲ. ಕೇಳಬೇಕು, ಅಷ್ಟೆ.

ದುಡ್ಡು, ಕಾನೂನು

ಬಿಳಿ ಬೋರ್ಡಿನ ಗಾಡಿಯವರು ಬಾಡಿಗೆ ತೆಗೆದುಕೊಳ್ಳುವಂತಿಲ್ಲ. ಅವರನ್ನು ತುರ್ತಿಗೆ ಮಾತ್ರ, ಉಪಕಾರಕ್ಕೆ ಮಾತ್ರ ಕರೆಯುತ್ತೇವೆ. ವಾರದ ಓಡಾಟಕ್ಕೆ ಹಳದಿ ಬೋರ್ಡಿನ ಗಾಡಿಯೇ ಆಗಬೇಕು. ಸಾಮಾನು ಸಾಗಿಸುವ ಗಾಡಿಯಲ್ಲಿ ಜನ ಕೂರಿಸಿ ಅಪಘಾತವಾದರೆ ವಿಮೆ ಸಿಗುವುದು ಕಷ್ಟ. ಓಡಿಸುವವರ ಲೈಸೆನ್ಸು, ಗಾಡಿಯ ವಿಮೆ ನೋಡಿಯೇ ಪಟ್ಟಿಗೆ ಸೇರಿಸಿ.

ರಸ್ತೆ ಅಪಘಾತದವರನ್ನು ಒಯ್ದರೆ ಪೊಲೀಸ್ ಕೇಸು ಅಂತ ಹೆದರುವವರು ಇನ್ನೂ ಇದ್ದಾರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಲ್ಲಿ, ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಇದೆ. ಹೆಸರು ಹೇಳಲೇಬೇಕು ಅಂತ ಬಲವಂತ ಮಾಡುವಂತಿಲ್ಲ.

ತುರ್ತಿನ ಹೊತ್ತಲ್ಲಿ ದುಡ್ಡಿನ ಮಾತು ಎತ್ತಬಾರದು ಅನ್ನೋದು ನಮ್ಮ ಮೊದಲ ಕಟ್ಟಳೆ. ಸುಗ್ಗಿ ಮುಗಿದ ಮೇಲೆ ಮನೆಗೆ 100 ರೂಪಾಯಿ ಎತ್ತಿ ಇಟ್ಟಿರುತ್ತೇವೆ. ಬಾಡಿಗೆ ಗಾಡಿ ಹೋದಾಗ ಬಡವರ ಪಾಲಿನದು ಅದರಿಂದ ಕೊಡುತ್ತೇವೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಅಂತ ಇಟ್ಟಿದ್ದಾರೆ. ಗತಿಯಿಲ್ಲದವರ ತುರ್ತು ಓಡಾಟಕ್ಕೂ ಅದನ್ನು ಬಳಸಲು ಅವಕಾಶ ಇದೆ. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ, ದುಡ್ಡು ಎಷ್ಟು ಬಂದಿದೆ, ವಿಚಾರಿಸಿ. ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಬರೆದಿಡಿ. ಲೆಕ್ಕ ಮುಚ್ಚಿದ ದಿನ ಗಾಡಿಯೂ ನಿಲ್ಲುತ್ತೆ.

ಶುರು ಮಾಡುವವರಿಗೆ ಬೇಕಾದ್ದು ಒಂದು ಹಾಳೆ, ಆರು ಹೆಸರು, ಆಶಾ ಅಕ್ಕನ ಜೊತೆ ಒಂದು ಸಂಜೆಯ ಮಾತು. ಮುಂಗಾರಿಗೆ ಮೊದಲೇ ಮಾಡಿಕೊಳ್ಳಿ. ದಾರಿ ಕೆಸರಾದ ಮೇಲೆ, ರಾತ್ರಿ ಹೊತ್ತಲ್ಲಿ ಯಾರ ಗಾಡಿ ಅಂತ ಹುಡುಕೋದು ತಪ್ಪುತ್ತೆ. ನಿಮ್ಮ ಊರಲ್ಲಿ ಇದಕ್ಕಿಂತ ಚೆನ್ನಾಗಿರೋ ಏರ್ಪಾಡು ಇದ್ದರೆ ಪತ್ರಿಕೆಗೆ ಬರೆಯಿರಿ. ನಾವೂ ಕಲಿಯುತ್ತೇವೆ.